ಬೈಕಿನಲ್ಲೇ ಉಳಿದ ಚಾರ್ಜರು

ಆ ಸೋಮವಾರ ಪಂಕಜಾಗೆ ಮೈಯೆಲ್ಲ ಉರಿಯುತ್ತಿತ್ತು. ಎಲೆಕ್ಟ್ರಿಕ್ ಬೈಕು ಮತ್ತೆ ನಡುದಾರಿಯಲ್ಲಿ ಕೈಕೊಟ್ಟಿತ್ತು. ಸತತ ಮೂರನೆಯ ಸೋಮವಾರ! ಶ್ರೀಕಾರ್ಯಂನಿಂದ ತುಂಬ ಎಂಬ ಊರಿಗೆ ಹೋಗುವ ದಾರಿಯ ಒಂದು ಗೂಡಂಗಡಿಯ ಮುಂದೆ ಅದನ್ನು ಬಿಟ್ಟು, ಬಸ್ಸಿನಲ್ಲಿ ನೇತಾಡಿಕೊಂಡು ಬಂದಿದ್ದಳು. ಹೋದ ವಾರ ಮೆಕ್ಯಾನಿಕ್ ಅಲ್ವಿನ್ ಬೈಕನ್ನು ಸರಿಯಾಗಿ ನೋಡದೆಯೇ, ಚಾರ್ಜ್ ಮಾಡಲು ಮರೆತಿರಬೇಕು ಎಂದು ಹಲ್ಲು ಕಿರಿದಿದ್ದ. ಮರೆಯುವುದಂತೆ! ಕುಂಬಳೆಯಿಂದ ಬಂದು ಹನ್ನೆರಡು ವರ್ಷ ತಿರುವನಂತಪುರದ ಮನೆಮನೆ ಸುತ್ತಿ ಫಿಸಿಯೋಥೆರಪಿ ಮಾಡಿದವಳು, ಯಾವ ರೋಗಿಯ ಒಂದು ಬೆರಳನ್ನೂ ಮರೆತವಳಲ್ಲ.

ಉಮಾಮಹೇಶ್ವರರ ಮನೆ ಮುಟ್ಟುವಾಗ ಮುಕ್ಕಾಲು ಗಂಟೆ ತಡವಾಗಿತ್ತು. ಬಾಹ್ಯಾಕಾಶ ಕೇಂದ್ರದಲ್ಲಿ ಎಲೆಕ್ಟ್ರಾನಿಕ್ಸ್ ಕೆಲಸ ಮಾಡಿ ನಿವೃತ್ತರಾದ ಈ ಕಾಸರಗೋಡಿನ ಹಿರಿಯರಿಗೆ ಪಾರ್ಶ್ವವಾಯು ಬಡಿದು ಮಾತು ಹೋಗಿತ್ತು, ಬಲಗೈ ಸೋತಿತ್ತು. ಕೈಗೆ ಈಗ ಕಸುವು ಬಂದಿದೆಯೆಂದು ಪಂಕಜಾಗೆ ಗೊತ್ತು. ಆದರೆ ನಾಲ್ಕು ತಿಂಗಳು ಗೋಗರೆದರೂ ಅವರು ಪೆನ್ಸಿಲ್ ಮುಟ್ಟಲಿಲ್ಲ. ಮಗಳು ನಿಶಾ ಕನ್ನಡ ಕೇಳಿಸಿಕೊಂಡು ಮಲಯಾಳದಲ್ಲಿ ಉತ್ತರಿಸುವವಳು, ಪಂಕಜಾಳನ್ನು ಅಕ್ಕ ಎಂಬಂತೆ ಚೇಚಿ ಎಂದೇ ಕರೆಯುವವಳು. ಇವತ್ತು ಬಾಗಿಲಲ್ಲೇ ಹೇಳಿಬಿಟ್ಟಳು: ಚೇಚಿ ನಾಳೆಯಿಂದ ಬರುವುದು ಬೇಡ, ಅಪ್ಪನನ್ನು ಅವರ ಪಾಡಿಗೆ ಬಿಟ್ಟುಬಿಡೋಣ.

ಬಿಟ್ಟುಬಿಟ್ಟರೆ ಆ ಕೈ ಮುದುಡಿಕೊಂಡೇ ಉಳಿಯುತ್ತದೆ. ಪಂಕಜಾ ದಡದಡನೆ ಒಳಗೆ ಹೋಗಿ, ಮೇಜಿನ ಮುಂದೆ ಕೂತಿದ್ದವರ ಬಲಗೈ ಎಳೆದುಕೊಂಡು ತಿಕ್ಕತೊಡಗಿದಳು. ಬಾಯಿಯೂ ಸುಮ್ಮನಿರಲಿಲ್ಲ.

"ಎಂತ ದರಿದ್ರ ಬೈಕು ಸರ್ ಅದು! ಶನಿವಾರ ಸಂಜೆ ಫುಲ್ ಚಾರ್ಜ್ ಆಗಿತ್ತು. ಈಗ ದಿನಾ ಸಂಜೆ ಗುಡುಗು ಉಂಟಲ್ಲ, ಯಾವಾಗಲಿನ ಹಾಗೆ ಗೋಡೆಯಿಂದ ಪ್ಲಗ್ ಕಿತ್ತು ಹಾಕಿದೆ. ಆದಿತ್ಯವಾರ ಅದನ್ನು ಮುಟ್ಟಲೇ ಇಲ್ಲ. ಇವತ್ತು ಅರ್ಧ ದಾರಿಗೇ ಸತ್ತಿತು!"

ಅವರ ಹುಬ್ಬು ಗಂಟಾಯಿತು.

"ತಮಾಷೆ ಎಂತ ಗೊತ್ತುಂಟಾ? ಗೋಡೆಯಿಂದ ಕಿತ್ತರೂ ಚಾರ್ಜರಿನ ಲೈಟ್ ಉರಿಯುತ್ತಲೇ ಇತ್ತು. ಮತ್ತೊಂದು ತುದಿ ಬೈಕಿನಲ್ಲೇ ಇರ್ತದೆ ಯಾವಾಗಲೂ. ಅದರಿಂದ ಎಂತ ಆಗ್ಲಿಕ್ಕುಂಟು?"

ಉಮಾಮಹೇಶ್ವರರ ಮುಖ ಕೆಂಪಗಾಯಿತು. ಗಂಟಲಿನಿಂದ ಗುರುಗುರು ಸದ್ದು ಹೊರಟಿತು. ಇಂಥ ದಡ್ಡತನ ಕಂಡಲ್ಲೆಲ್ಲ ಕೆಂಡ ಕಾರುತ್ತ ನಲವತ್ತು ವರ್ಷ ದುಡಿದ ಮನುಷ್ಯ. ಎಡಗೈಯಿಂದ ಮೇಜು ಗುದ್ದಿದರು. ಬಲಗೈಯನ್ನು ಅವಳಿಂದ ಕಿತ್ತುಕೊಂಡು ಪೆನ್ಸಿಲ್ ಬಾಚಿದರು.

ಹಾಳೆಯ ಮೇಲೆ ಗೋಡೆಯ ಚಿತ್ರ ಬರೆದರು, ಚಾರ್ಜರಿನಂಥ ಒಂದು ಡಬ್ಬಿ ಬರೆದರು, ಬ್ಯಾಟರಿ ಬರೆದರು. ಬ್ಯಾಟರಿಯಿಂದ ಡಬ್ಬಿಯ ಕಡೆಗೆ ಒಂದು ಬಾಣ ಎಳೆದರು. ಆಮೇಲೆ ಅವೆರಡರ ನಡುವಿನ ತಂತಿಯ ಮೇಲೆ ಕಾಟು ಹೊಡೆದರು, ಮತ್ತೆ ಹೊಡೆದರು, ಕಾಗದ ಹರಿಯುವವರೆಗೂ ಹೊಡೆದರು. ಬ್ಯಾಟರಿಯ ಕರೆಂಟೇ ಹಿಂದಕ್ಕೆ ಚಾರ್ಜರಿನೊಳಗೆ ಸೋರಿ, ಅದರ ದೀಪವನ್ನೂ ಉರಿಸಿ, ಸೋಮವಾರದೊಳಗೆ ಬ್ಯಾಟರಿಯನ್ನು ಬರಿದು ಮಾಡಿತ್ತು. ಕೀಳಬೇಕಾದದ್ದು ಬೈಕಿನ ಕಡೆಯ ತುದಿಯನ್ನೂ ಎಂಬುದು ಪಂಕಜಾಗೆ ಹೊಳೆಯಿತು.

ಅವಳಿಗೆ ಅಳುವೂ ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

"ನಾಲ್ಕು ತಿಂಗಳು ಸರ್! ಒಂದೇ ಒಂದು ಗೆರೆ ಎಳೀರಿ ಅಂತ ನಿಮ್ಮ ಕಾಲು ಹಿಡಿಯುವುದೊಂದು ಬಾಕಿ ಇತ್ತು. ಆವಾಗ ಎಲ್ಲಿ ಹೋಗಿತ್ತು ಈ ಕೈ?"

ಕೂಗಾಟ ಕೇಳಿ ಓಡಿಬಂದ ನಿಶಾ, ಅಪ್ಪನ ಬೆರಳುಗಳ ನಡುವಿನ ಪೆನ್ಸಿಲ್ ಕಂಡು ಹಾಗೇ ನಿಂತಳು. ಪಂಕಜಾ ಅವಳನ್ನೇ ನೋಡುತ್ತ, ಮುದುಕರಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದಳು:

"ನಾಳೆ ಮಿಕ್ಸಿಯ ಕತೆ ಹೇಳ್ತೇನೆ ಸರ್. ಒಳಗೆ ನೀರು ಹೋಗಿತ್ತು, ಒಣಗಿಸದೆ ಹಾಗೇ ಸ್ವಿಚ್ ಹಾಕಿದೆ."

ಉಮಾಮಹೇಶ್ವರರು ಹಲ್ಲು ಕಚ್ಚಿ ಇನ್ನೊಂದು ಹಾಳೆ ಎಳೆದುಕೊಂಡರು.