ಏಕಾಂತಪ್ಪನ ನೀಲಿ ಹಾಳೆ

ಆದೋನಿಯ ಹತ್ತಿ ಪೇಟೆಯಲ್ಲಿ ಏಕಾಂತಪ್ಪ ಅರಳೆ ನೋಡಿ ದರ್ಜೆ ಹೇಳುವುದೆಂದರೆ ಪೂಜೆಗೆ ಕೂತ ಹಾಗೆ. ಮೂವತ್ತು ವರ್ಷದಿಂದ ಅದೇ ಮಂಡಿ, ಬಡಗಣ ಕಿಟಕಿಯ ಅದೇ ಜಾಗ. ನೇರ ಬಿಸಿಲಿನಲ್ಲಿ ಎಲ್ಲ ಅರಳೆಯೂ ಬಿಳಿಯೇ, ನೆರಳಿನ ಬೆಳಕೇ ನಿಜ ಹೇಳುವುದು ಎನ್ನುತ್ತಿದ್ದ. ನೀಲಿ ಹಾಳೆ ಹಾಸಿ ಅದರ ಮೇಲೆ ಒಂದು ಹಿಡಿ ಅರಳೆ ಇಟ್ಟರೆ ಸಾಕು, ಮಳೆ ತಾಗಿದ ಹಳದಿ ಎಷ್ಟು ತೆಳುವಾಗಿದ್ದರೂ ಅವನ ಕಣ್ಣಿಗೆ ಸಿಕ್ಕಿಬೀಳುತ್ತಿತ್ತು.

ಎರಡನೇ ಮಹಾಯುದ್ಧ ಶುರುವಾದ ವರ್ಷ ಅವನು ಬಿಳಿ ಎಂದು ಒಪ್ಪಿಸಿದ ಮಾಲು ಮಿಲ್ಲಿನಿಂದ ವಾಪಸು ಬಂತು. ಒಂದು ಸಲವಲ್ಲ, ಮೂರು ಸಲ. ಮಂಡಿಯ ಸಾಹುಕಾರ ಮರಿಬಸಪ್ಪ ಎಲ್ಲರೆದುರೇ ಆಡಿಕೊಂಡ: "ಏಕಾಂತಪ್ಪಗ ಈಗ ವಿಭೂತಿನೂ ಒಂದಾ, ಅರಿಶಿಣನೂ ಒಂದಾ!" ಇನ್ನೊಮ್ಮೆ ಹೀಗಾದರೆ ಕಿಟಕಿಯ ಜಾಗ ಬೇರೆಯವರಿಗೆ ಎಂದೂ ಹೇಳಿದ.

ಅಂದು ಏಕಾಂತಪ್ಪ ಹೊತ್ತಿಗೆ ಮುಂಚೆ ಮನೆಗೆ ಬಂದ. ಸೊಸೆ ಗುರುಬಸಮ್ಮ ಅಂಗಳದಲ್ಲಿ ಮಗುವಿಗೆ ಉಣಿಸುತ್ತಿದ್ದಳು. ಬಳ್ಳಾರಿಯಲ್ಲಿ ಓದಿದವಳು, ಮಗು ಸೀನಿದರೂ ಎದೆ ಧಸಕ್ಕೆನ್ನುವ ಹೆಣ್ಣು. ಮಾವ ಕಂಕುಳಿಂದ ಹಾಳೆಯ ಸುರುಳಿ ತೆಗೆದು ಅವಳ ಮುಂದೆ ಬಿಚ್ಚಿದ. ಮುಖದಲ್ಲಿ ಗೆದ್ದವನ ಕಳೆ.

"ನೋಡವ್ವಾ, ನನ್ನ ನೀಲಿ ಹಾಳಿ ಕದ್ದು ಈ ಕರೀದು ಹಾಸ್ಯಾರ. ಇದರ ಮ್ಯಾಲ ಹಳದಿ ಹೆಂಗ ಕಾಣಬೇಕು? ಎಲ್ಲಾ ಆ ಗುಮಾಸ್ತ ಹನುಮಂತುಂದು. ನನ್ನ ಜಾಗದ ಮ್ಯಾಲ ಕಣ್ಣು ಅವಂದು. ನಾಳೆ ಪ್ಯಾಟಿ ಮಂದಿ ಮುಂದನ ಕೊಳ್ಳಪಟ್ಟಿ ಹಿಡೀತೀನಿ."

ಹಾಳೆ ನೀಲಿಯಾಗಿತ್ತು. ಅಚ್ಚ ನೀಲಿ.

ಶಾಲೆಯಲ್ಲಿ ಟೀಚರಮ್ಮ ಕಣ್ಣಿಗೆ ಹಳದಿ ಗಾಜು ಹಿಡಿಸಿ ನೀಲಿ ರಿಬ್ಬನ್ ತೋರಿಸಿದ್ದು ಗುರುಬಸಮ್ಮನಿಗೆ ನೆನಪಾಯಿತು. ಯಾವ ವಸ್ತುವೂ ಬಿದ್ದ ಬೆಳಕಿನಲ್ಲಿ ಒಂದಿಷ್ಟು ನುಂಗಿ, ಒಂದಿಷ್ಟನ್ನು ವಾಪಸು ಕಳಿಸುತ್ತದೆ. ರಿಬ್ಬನ್ ಕಳಿಸಿದ ನೀಲಿಯನ್ನು ಗಾಜು ದಾರಿಯಲ್ಲೇ ತಡೆಯಿತು, ಅದಕ್ಕೇ ಕಪ್ಪು ಕಂಡಿತು ಎಂದಿದ್ದರು. ಹುಡುಗಿಯರೆಲ್ಲ ನಕ್ಕಿದ್ದರು. ಮಾವನಿಗೆ ಆ ಗಾಜು ಕಣ್ಣೊಳಗೇ ಬೆಳೆದಿತ್ತು. ಬಿಳಿಗೂ ಹಳದಿಗೂ ಇದ್ದ ಭೇದ ಅದರಲ್ಲೇ ಅಳಿದುಹೋಗಿತ್ತು.

ಹೌದು ಎಂದರೆ ನಾಳೆ ಏನೂ ಮಾಡದವನ ಮೇಲೆ ಬೀಳುತ್ತಾನೆ, ಊರು ನಗುತ್ತದೆ. ಇಲ್ಲ ಎಂದರೆ? ತನಗೇ ಅರಿವಿಲ್ಲದೆ ಮಗುವಿನ ಮುಖವನ್ನು ಬೆಳಕಿಗೆ ತಿರುಗಿಸಿ ಅದರ ಕಣ್ಣು ನೋಡಿದಳು.

"ಯಾಕ ಸುಮ್ಮನಾದಿ? ಕರೀದೈತಿ ಅಲ್ಲೇನು?"

"ನೀಲಿ ಐತ್ರಿ, ಮಾವಾ."

ಅವನು ಹಾಳೆಯನ್ನು ಬಿಸಿಲಿಗೆ ಹಿಡಿದ, ನೆರಳಿಗೆ ತಂದ, ಮತ್ತೆ ಬಿಸಿಲಿಗೆ ಹಿಡಿದ. ಆಮೇಲೆ ತಲೆ ಎತ್ತಿ ಮೆಲ್ಲಗೆ ಕೇಳಿದ:

"ಮುಗಿಲು?"

"ಅದೂ ನೀಲೀನರಿ."

"ನನಗ ಬೂದಿ."

"ಕಣ್ಣಾಗ ಪೊರಿ ಬಂದಿರಬೇಕ್ರಿ. ದವಾಖಾನಿಗೆ ಹೋಗೋಣ್ರಿ..."

"ನಮ್ಮಣ್ಣನೂ ಹೋಗಿ ಕುಯ್ಯಿಸ್ಕೊಂಡು ಬಂದ. ಅವಗ ಈ ಬೂದೀನೂ ಉಳೀಲಿಲ್ಲವ್ವಾ."

ಅವನು ಹಾಳೆಯನ್ನು ಮುದುಡದಂತೆ ಸುತ್ತಿ ಅವಳ ಕೈಗಿಟ್ಟ.

"ನಾಳೆ ಹನುಮಂತುಗ ಮುಟ್ಟಸು. ಬಿಸಲಾಗ ಅರಳಿ ನೋಡಬ್ಯಾಡ ಅಂತ ಹೇಳು ಅವಗ."