ಛೀ ಮೇಷ್ಟ್ರ ಕೆಂಪು ಚೀಟಿ

ರಜೆ ಮುಗಿದು ಸಂಗೀತ ಕೂಟದ ಬಾಗಿಲು ತೆರೆಯುವ ದಿನ ಬಡಾವಣೆಯವರಿಗೆಲ್ಲ ಹುರುಪು, ಒಬ್ಬರಿಗೆ ಮಾತ್ರ ಹೇಸಿಗೆ. ಆ ಒಬ್ಬರು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕೂತು ಪಿಟೀಲು ರಿಪೇರಿ ಮಾಡುವವರು. ಎದುರಿಗೆ ಏನು ಬಂದರೂ ಅವರ ಬಾಯಿಂದ ಮೊದಲು ಹೊರಡುವುದು "ಛೀ". ಹಾಗಾಗಿ ಹೆಸರೇ ಛೀ ಮೇಷ್ಟ್ರು ಎಂದಾಯಿತು.

ಮೇಷ್ಟ್ರು ಎಂದರೆ ಪಾಠ ಹೇಳುವವರಲ್ಲ. ನಾಲ್ಕನೇ ಕ್ಲಾಸಿಗೇ ಪಾಟಿ ಬಿಸಾಕಿ ಅಪ್ಪನ ಉಳಿ, ಸುತ್ತಿಗೆ ಹಿಡಿದ ಬಡಗಿ. ಹನ್ನೊಂದು ವರ್ಷದ ಕೆಳಗೆ ಈ ಕಟ್ಟಡದ ಬಾಗಿಲು ಉಬ್ಬಿ ಮುಚ್ಚುತ್ತಿಲ್ಲ ಎಂದು ಹೆರೆಯಲು ಬಂದಿದ್ದರು. ಒಳಗೆ ಪಿಟೀಲು ಕಲಿಸುವ ಪಾಠದಮ್ಮ ಕುತ್ತಿಗೆ ಕಿತ್ತುಬಂದ ಪಿಟೀಲನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣೀರು ಹಾಕುತ್ತಿದ್ದಳು. "ಮರ ತಾನೆ? ಕೊಡಿ ಇಲ್ಲಿ" ಎಂದು ಅಂಟು ಕಾಯಿಸಿ ಕೂರಿಸಿಕೊಟ್ಟರು. ಅಂದಿನಿಂದ ಆ ಕೋಣೆ ಅವರದ್ದು. ಇವತ್ತಿಗೂ ಅವರಿಗೆ ಸ್ವರವೆಂದರೆ ತಲೆಬುಡ ತಿಳಿಯದು. ಆದರೆ ಪಿಟೀಲಿನ ಬೆನ್ನಿಗೆ ಬೆರಳಲ್ಲಿ ಒಂದು ತಟ್ಟಿದರೆ ಯಾವ ಮೂಲೆಯಲ್ಲಿ ಅಂಟು ಬಿಟ್ಟಿದೆ ಎಂದು ಹೇಳಿಬಿಡುತ್ತಾರೆ.

ಕೂಟದಲ್ಲಿ ನಲವತ್ತೊಂದು ಪಿಟೀಲುಗಳಿವೆ. ಯಾರು ಬೇಕಾದರೂ ಬಂದು ಕಲಿಯಬಹುದು, ಪಿಟೀಲು ಮನೆಗೂ ಒಯ್ಯಬಹುದು. ರಜೆಗೆ ಮುಂಚೆ ಮೇಷ್ಟ್ರು ಒಂದೊಂದನ್ನೂ ಒರೆಸಿ, ಕಮಾನಿನ ಕೂದಲು ಚೆದುರದಿರಲಿ ಎಂದು ಅದನ್ನು ಕೋಲಿಗೆ ಸೇರಿಸಿ ನೀಲಿ ದಾರ ಸುತ್ತಿ, ಮಗಳನ್ನು ಗಂಡನ ಮನೆಗೆ ಕಳಿಸುವ ಹಾಗೆ ಕಳಿಸುತ್ತಿದ್ದರು. ಎರಡು ತಿಂಗಳ ಮೇಲೆ ಅವು ವಾಪಸು ಬರುತ್ತಿದ್ದ ಅವತಾರವಿದೆಯಲ್ಲ, ಅದನ್ನು ನೋಡಿದರೆ ಹಂದಿಯೂ ಮೂಗು ಮುಚ್ಚಿಕೊಳ್ಳಬೇಕು. ಹೊಟ್ಟೆಯೊಳಗೆ ಬಿಸ್ಕತ್ತಿನ ಪುಡಿ, ಅದಕ್ಕೆ ಇರುವೆ, ಆ ಇರುವೆ ಹೊಡೆಯಲು ಯಾರೋ ಸುರಿದ ಸೀಮೆಎಣ್ಣೆ. ಗದ್ದ ಊರುವ ಕಡೆ ಒಣಗಿ ಬಿರುಸಾದ ಸಿಂಬಳ. ನಾಲ್ಕನೇ ತಂತಿಯ ಜಾಗದಲ್ಲಿ ಬಟ್ಟೆ ಒಣಹಾಕುವ ತಂತಿ. ಸಂಜೆ ಊಟಕ್ಕೆ ಕೂತರೆ ಮೇಷ್ಟ್ರು ತಟ್ಟೆ ಮೂಸಿ ನೋಡುತ್ತಿದ್ದರು. "ನಾನೇನು ನಿಮ್ಮ ಪಿಟೀಲಿನಲ್ಲಿ ಅಡುಗೆ ಮಾಡಿದ್ದೀನಾ?" ಎಂದು ಹೆಂಡತಿ ಸಿಡಿಯುತ್ತಿದ್ದಳು.

ಹೋದ ವರ್ಷದ ಕೊನೆಯ ಸಭೆಯಲ್ಲಿ ಮೇಷ್ಟ್ರ ತಲೆ ಕೆಟ್ಟುಹೋಯಿತು. ಎದ್ದು ನಿಂತು ಮೇಜು ಗುದ್ದಿದರು. "ಹೊಲಸು ಮಾಡಿ ತಂದವರಿಗೆ ಮತ್ತೆ ಪಿಟೀಲು ಮುಟ್ಟೋಕೂ ಕೊಡಬಾರದು! ಬಾಗಿಲ ಹೊರಗೆ ನಿಲ್ಲಿಸಿ!"

ಮಾತು ಕೂಟದ ಕಾರ್ಯದರ್ಶಿಗೆ ಬಹಳ ಹಿಡಿಸಿತು. ಅವನ ಅಂಗಿಯ ಗರಿ ಎಂದೂ ಮುರಿದದ್ದಿಲ್ಲ. ಜನ ಅವನನ್ನು ಇಸ್ತ್ರಿ ಎನ್ನುತ್ತಿದ್ದರು. ಇಸ್ತ್ರಿ ಎರಡು ಬಣ್ಣದ ಚೀಟಿ ಅಚ್ಚು ಹಾಕಿಸಿದ. ಹಸಿರಾದರೆ ಪಿಟೀಲು ಅವರದ್ದೇ, ಮುಂದಿನ ತರಗತಿಗೂ ಜಾಗ. ಕೆಂಪಾದರೆ ಪಿಟೀಲು ವಾಪಸು, ಜಾಗ ಬೇರೆಯವರಿಗೆ. ಕೆಳಗೆ "ಪರೀಕ್ಷಿಸಿದವರು" ಎಂದು ಗೆರೆ, ಅಲ್ಲಿ ಮೇಷ್ಟ್ರ ಸಹಿ. ರಜೆಯುದ್ದಕ್ಕೂ ಮೇಷ್ಟ್ರು ಪ್ಲೈವುಡ್ ತುಂಡಿನ ಮೇಲೆ ಸಹಿ ಅಭ್ಯಾಸ ಮಾಡಿದರು.

ತೆರೆಯುವ ದಿನ ಬಂತು. ಬೆಳಗಿನಿಂದಲೇ ಮೆಟ್ಟಿಲವರೆಗೆ ಸಾಲು. ಮೇಷ್ಟ್ರು ತಂತಿ ಸಡಿಲಿಸಿ, ಕನ್ನಡಿ ಚೂರು ಹಿಡಿದು ಹೊಟ್ಟೆಯೊಳಗೆ ಇಣುಕಿ, ನೀಲಿ ದಾರ ಇದ್ದರೆ ಬಿಚ್ಚಿ ಜೇಬಿಗೆ ಹಾಕಿಕೊಂಡು, ಚೀಟಿ ಬರೆದು ಎಸೆಯುತ್ತಿದ್ದರು. ಒಬ್ಬ ಮುದುಕನ ಪೆಟ್ಟಿಗೆ ತೆರೆದರೆ ಒಳಗಿನಿಂದ ಹಲ್ಲಿನ ಸೆಟ್ಟು ಅವರನ್ನು ನೋಡಿ ನಕ್ಕಿತು.

"ಛೀ! ತಾತಾ, ಏನಿದು?"

"ಅಯ್ಯೋ, ಇಲ್ಲಿತ್ತಾ! ಸೊಸೆ ಕದ್ದಳು ಅಂತ ಎರಡು ತಿಂಗಳಿಂದ ಬಯ್ತಿದ್ದೀನಲ್ಲಪ್ಪಾ" ಎಂದು ತಾತ ಅಲ್ಲೇ ಒರೆಸಿ ಬಾಯಿಗೆ ಹಾಕಿಕೊಂಡ. ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ ಹಸಿರು ಚೀಟಿ ಚಾಚಿದರು.

ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಕೆಂಪು ಚೀಟಿ ಹರಿದಿದ್ದವು. ಹತ್ತನೆಯದಕ್ಕೆ ಮುಂಚೆ ಸಾಲು ತಾನಾಗಿ ಎರಡು ಭಾಗವಾಯಿತು. ಮೊದಲು ನಾತ ಬಂತು, ಹಿಂದೆ ಕೋಳಿಯಕ್ಕ ಬಂದಳು. ಮೂಲೆಯ ಕೋಳಿ ಅಂಗಡಿಯಲ್ಲಿ ಕೊಯ್ದು ಕೊಡುವ ಕೆಲಸದವಳು, ನಲವತ್ತರ ಹೆಂಗಸು. ಹೋದ ವರ್ಷ ಸೇರಿದ್ದಳು. ಪೆಟ್ಟಿಗೆ ತೆರೆದಳೋ ಇಲ್ಲವೋ, ರಕ್ತ, ಕೊಬ್ಬು, ಒದ್ದೆ ಪುಕ್ಕ ಎಲ್ಲ ಕಲಸಿದ ಗಬ್ಬು ಮೇಷ್ಟ್ರ ಮುಖಕ್ಕೆ ರಾಚಿತು. ಪಿಟೀಲಿನ ಸೀಳಿನಲ್ಲಿ ಒಂದು ಬಿಳಿ ಪುಕ್ಕ ಸಿಕ್ಕಿಕೊಂಡು ಅಲ್ಲಾಡುತ್ತಿತ್ತು. ಕುತ್ತಿಗೆ ಜಿಡ್ಡುಗಟ್ಟಿ ಮಿರಿಮಿರಿ. ಮೇಷ್ಟ್ರಿಗೆ ಬೆಳಗಿನ ತಿಂಡಿ ಗಂಟಲಿಗೆ ಬಂತು.

"ಛೀ ಛೀ ಛೀ! ಕೈ ತೊಳೆಯೋದು ಯಾರೂ ಕಲಿಸಿಲ್ವೇನೇ?"

"ಮೂರು ಸಲ ಸೋಪು ಹಾಕ್ತೀನಿ ಮೇಷ್ಟ್ರೇ. ಕೊಬ್ಬು ಬಿಡಲ್ಲ."

"ಅಂಗಡೀಲಿ ಯಾಕಿಟ್ಟೆ ಇದನ್ನ?"

"ಮನೇಲಿ ಅತ್ತೆ ಕಿವಿ ಮುಚ್ಕೋತಾರೆ. ಗಿರಾಕಿ ಇಲ್ಲದ ಹೊತ್ತಲ್ಲಿ ಅಲ್ಲೇ ಬಾರಿಸ್ತೀನಿ. ಕೇಳೋಕೆ ಕೋಳಿ ಇರ್ತಾವಲ್ಲ."

"ಕೇಳಿದ ಮೇಲೆ ಅವೇ ಬಂದು ಕತ್ತು ಕೊಡ್ತಾವಾ?" ಎಂದ ಸಾಲಿನಲ್ಲಿದ್ದ ಟೈಲರು. ಎಲ್ಲರೂ ನಕ್ಕರು. ಕೋಳಿಯಕ್ಕನೂ ನಕ್ಕಳು. ಮೇಷ್ಟ್ರು ಪಿಟೀಲನ್ನು ಪೂರ್ತಿ ಹೊರಗೂ ತೆಗೆಯದೆ ಕೆಂಪು ಚೀಟಿ ಗೀಚಿದರು. ಅವಳ ನಗು ನಿಂತಿತು.

"ಕೆಂಪು ಅಂದ್ರೆ... ಮತ್ತೆ ಯಾವಾಗ ಕೊಡ್ತೀರಾ?"

"ಕೊಡಲ್ಲ."

"ಈ ವರ್ಷ ಪೂರ್ತಿ ಹಾಡು ಹೇಳಿಕೊಡ್ತೀನಿ ಅಂದಿದ್ರು ಪಾಠದಮ್ಮ."

"ಮುಂದಿನವರು ಬನ್ನಿ!"

ಅವಳು ಹೊರಗೆ ಹೋಗಲಿಲ್ಲ. ಮೆಟ್ಟಿಲ ಮೇಲೆ ಕೂತಳು. ಮೇಷ್ಟ್ರು ಕೈ ತೊಳೆದುಕೊಂಡು ಬಂದರು. ಮತ್ತೆ ಹೋಗಿ ತೊಳೆದರು.

ಸಾಲಿನ ಕೊನೆಗೆ ಬಂದವಳು ಇಸ್ತ್ರಿಯ ಹೆಂಡತಿಯ ತಂಗಿ. ಪೆಟ್ಟಿಗೆ ತೆರೆದರೆ ಸೆಂಟಿನ ಪರಿಮಳ. ಪಿಟೀಲು ಕನ್ನಡಿಯಂತೆ ಹೊಳೆಯುತ್ತಿತ್ತು. "ನೋಡಿ ಕಲೀಬೇಕು ಎಲ್ಲರೂ" ಎಂದು ಮೇಷ್ಟ್ರು ಖುಷಿಯಿಂದ ಹಸಿರು ಚೀಟಿ ಎಳೆದುಕೊಂಡು ಕಮಾನಿನ ದಾರ ಬಿಚ್ಚಲು ಹೋದರು. ಬೆರಳು ಗಂಟಿನ ಮೇಲೆ ನಿಂತುಬಿಟ್ಟಿತು. ಗಂಟು ಅವರದ್ದೇ. ಎರಡು ತಿಂಗಳ ಕೆಳಗೆ ತಾವೇ ಹಾಕಿದ ಬಡಗಿ ಗಂಟು. ಆ ದಾರ ಬಿಚ್ಚದೆ ಕಮಾನು ಎಳೆಯಲಾಗದು. ಎಂದರೆ ಈ ಪಿಟೀಲು ಮನೆಗೆ ಹೋಗಿ, ಮಲಗಿ, ಎದ್ದು ಬಂದಿತ್ತು, ಅಷ್ಟೇ.

ಮೇಷ್ಟ್ರು ಜೇಬಿಗೆ ಕೈ ಹಾಕಿದರು. ಬೆಳಗಿನಿಂದ ಬಿಚ್ಚಿ ಹಾಕಿಕೊಂಡ ದಾರಗಳು ಒಂದು ಮುಷ್ಟಿ ಬಂದವು. ಮೇಜಿನ ಮೇಲೆ ಹರವಿ ನೋಡಿದರು. ಹದಿನಾಲ್ಕು. ಹದಿನಾಲ್ಕಕ್ಕೂ ಹಸಿರು ಕೊಟ್ಟಿದ್ದರು, ಸಹಿಯ ಸಮೇತ. ನೊಣ ಕೂತ ಕಲೆ ಕಂಡರೂ ಬಯ್ಯುವ ತಮಗೆ ಇದು ಕಾಣಲಿಲ್ಲವಲ್ಲ ಎಂದು ಕಿವಿ ಬಿಸಿಯಾದವು.

ಎದ್ದು ಕೆಂಪು ರಾಶಿಗೆ ಹೋದರು. ಟವೆಲನ್ನು ಮೂಗಿಗೆ ಕಟ್ಟಿಕೊಂಡು ಕೋಳಿಯಕ್ಕನ ಪಿಟೀಲು ಹೊರಗೆಳೆದರು. ಒಮ್ಮೆ ಓಕರಿಸಿದರು. ಆಮೇಲೆ ನೋಡಿದರು. ತಂತಿಯ ಕೆಳಗಿನ ಕರಿಮರದಲ್ಲಿ ಮೂರು ಕಡೆ ಬೆರಳು ಕೂರುವಷ್ಟು ಸವೆತ. ಮೊದಲ ತಂತಿ ಹರಿದು ಎರಡು ಸಲ ಗಂಟು ಹಾಕಿದ್ದಾಳೆ. ಕಮಾನಿನ ಕೂದಲು ಒಂದು ಪಕ್ಕ ಉದುರಿ ಬೋಳು. ಅಷ್ಟು ಸವೆಯಬೇಕಾದರೆ ಇದನ್ನು ದಿನಕ್ಕೆ ಎಷ್ಟು ಹೊತ್ತು ತಿಕ್ಕಿರಬೇಕು? ನಾಲ್ಕು ವರ್ಷ ಕಲಿತವರ ಪಿಟೀಲಿನಲ್ಲೂ ಮೇಷ್ಟ್ರು ಇಂಥ ಸವೆತ ಕಂಡಿರಲಿಲ್ಲ. ನಾತ ಮಾತ್ರ ಹಾಗೇ ಇತ್ತು, ಒಂದು ಎಳೆಯೂ ಕಮ್ಮಿಯಾಗಿರಲಿಲ್ಲ.

ನಾಲ್ಕು ಗಂಟೆಗೆ ಇಸ್ತ್ರಿ ಪಟ್ಟಿ ಹಿಡಿದು ಬಂದ. ಐದಕ್ಕೆ ಗೋಡೆಗೆ ಅಂಟಿಸಬೇಕು, ಐದೂವರೆಗೆ ತರಗತಿ.

"ಕೋಳಿಯವಳದ್ದು ಕೆಂಪು ತಾನೆ? ಇಡೀ ಕಟ್ಟಡ ನಾರ್ತಿದೆ."

"ಹಸಿರು" ಎಂದರು ಮೇಷ್ಟ್ರು ಟವೆಲಿನ ಒಳಗಿನಿಂದ. "ನಿಮ್ಮ ನಾದಿನಿಯದ್ದಕ್ಕೆ ನಾನು ಸಹಿ ಹಾಕಲ್ಲ."

"ಏನ್ರೀ ಇದು? ನಿಯಮ ತಂದವರು ನೀವು. ಮೇಜು ಗುದ್ದಿದವರು ನೀವು."

"ಹೌದು ಸ್ವಾಮಿ. ಆ ನಿಯಮ ವಾಂತಿ ಮಾಡಿದ್ದು ನಾನೇ. ನಾನೇ ಬಳಿದು ಹಾಕ್ತೀನಿ, ದೂರ ನಿಲ್ಲಿ."

"ಬೇರೆ ರಿಪೇರಿಯವರು ಸಿಗಲ್ಲ ಅಂದ್ಕೊಂಡಿದ್ದೀರಾ?"

"ಸಿಗಲಿ, ಕರೀರಿ. ಬಂದು ಇದನ್ನೆಲ್ಲ ಅವನೇ ಮೂಸಲಿ."

ಇಸ್ತ್ರಿ ಸುತ್ತ ನೋಡಿದ. ನಲವತ್ತೊಂದು ಪಿಟೀಲುಗಳು ತಂತಿ ಸಡಿಲವಾಗಿ, ಹೆಣಗಳಂತೆ ನೆಲದ ತುಂಬ ಮಲಗಿದ್ದವು. ಒಂದೂವರೆ ಗಂಟೆಯಲ್ಲಿ ಅವನ್ನೆಲ್ಲ ಬಿಗಿದು ಎಬ್ಬಿಸಬಲ್ಲವರು ಮೂಗಿಗೆ ಟವೆಲು ಕಟ್ಟಿಕೊಂಡ ಈ ಮನುಷ್ಯ ಒಬ್ಬರೇ. ಇಸ್ತ್ರಿಯ ಮುಖ ಹುಳ್ಳಗಾಯಿತು.

ಅಷ್ಟರಲ್ಲಿ ಬಾಗಿಲಲ್ಲಿದ್ದ ನಾದಿನಿ, "ಭಾವಾ, ಬಿಟ್ಬಿಡಿ. ಬೇಡ ಬೇಡ ಅಂದ್ರೂ ಸೇರಿಸಿದ್ದು ನೀವು. ಅದನ್ನ ಒರೆಸೀ ಒರೆಸೀ ನಂಗೆ ಸಾಕಾಯ್ತು" ಎಂದು ಪೆಟ್ಟಿಗೆ ಅಲ್ಲೇ ಬಿಟ್ಟು ಹೊರಟಳು. ಹೊರೆ ಇಳಿಸಿದ ಕೂಲಿಯವಳ ಹಾಗಿತ್ತು ಅವಳ ನಡಿಗೆ.

"ಇದೊಂದು ಸಲ" ಎಂದು ಇಸ್ತ್ರಿ ಕಾಲರು ಸರಿಮಾಡಿಕೊಳ್ಳುತ್ತ ಮೆಟ್ಟಿಲು ಹತ್ತಿದ.

ಮೇಷ್ಟ್ರು ಕೋಳಿಯಕ್ಕನನ್ನು ಕರೆದರು. "ಬಾ ಇಲ್ಲಿ. ಹಲ್ಲು ಬಿಡಬೇಡ. ಇನ್ನೊಂದು ಸಲ ಹೀಗೆ ತಂದರೆ ಪಿಟೀಲಲ್ಲ, ನಿನ್ನನ್ನೇ ತೊಟ್ಟಿಗೆ ಹಾಕ್ತೀನಿ."

"ಹೂಂ ಮೇಷ್ಟ್ರೇ."

ಮೂಲೆಯಲ್ಲಿದ್ದ ಮರದ ಹೊಟ್ಟನ್ನು ಒಂದು ಚೀಲಕ್ಕೆ ತುಂಬಿ ಅವಳ ಕಡೆ ದೂಡಿದರು. "ಸೋಪಿಗೆ ಮುಂಚೆ ಒಣಗೈಗೆ ಇದನ್ನ ಹಾಕಿ ತಿಕ್ಕು. ಕೊಬ್ಬು ಇದಕ್ಕೆ ಬಗ್ಗುತ್ತೆ. ಅಂಟಿನ ಕೈ ನಾವು ಹೀಗೇ ತೊಳೆಯೋದು."

ಅವಳು ಅಲ್ಲೇ ಒಂದು ಹಿಡಿ ತೆಗೆದು ತಿಕ್ಕಿದಳು, ತೊಳೆದಳು, ಕೈಗಳನ್ನು ಮೇಷ್ಟ್ರ ಮೂಗಿನ ಹತ್ತಿರ ಚಾಚಿದಳು. "ನೋಡಿ ಈಗ?"

"ಛೀ, ದೂರ ಹಿಡಿ!" ಮೇಷ್ಟ್ರು ಟವೆಲು ಸ್ವಲ್ಪ ಸರಿಸಿ ಮೂಸಿದರು. "ಇನ್ನೂ ಇದೆ. ಮತ್ತೆ ತಿಕ್ಕು."

ಅವಳು ತಿಕ್ಕುತ್ತಿದ್ದಂತೆ ಮೇಷ್ಟ್ರು ಪಿಟೀಲಿನ ಹೊಟ್ಟೆಗೆ ಒಂದು ಹಿಡಿ ಅಕ್ಕಿ ಹಾಕಿ ಕುಲುಕಿ ಬಗ್ಗಿಸಿದರು. ಧೂಳು, ಪುಕ್ಕ, ಒಣಗಿದ ಏನೋ ಒಂದು ಹೊರಗೆ ಬಿತ್ತು. ಅದೇನೆಂದು ಅವರು ನೋಡಲು ಹೋಗಲಿಲ್ಲ. ಹೊಸ ತಂತಿ ಬಿಗಿದು ಅವಳ ಕೈಗಿಟ್ಟು ಗಡಿಯಾರ ನೋಡಿದರು.

ಆಮೇಲೆ ಉಳಿದ ಒಂಬತ್ತು ಕೆಂಪು ಪೆಟ್ಟಿಗೆಗಳ ಕಡೆ ತಿರುಗಿದರು. ಬೆಳಿಗ್ಗೆ ಅವನ್ನೂ ಮೂಗಿನಲ್ಲಿ ನೋಡಿದ್ದರೇ ಹೊರತು ಕಣ್ಣಲ್ಲಿ ನೋಡಿರಲಿಲ್ಲ. ಎಲ್ಲವನ್ನೂ ಮತ್ತೆ ತೆರೆಯಬೇಕು. ಆ ಸೀಮೆಎಣ್ಣೆ, ಆ ಇರುವೆ, ಆ ಸಿಂಬಳ. ಮೇಷ್ಟ್ರು ಟವೆಲಿನ ಗಂಟು ಬಿಗಿ ಮಾಡಿಕೊಂಡು, ಇಡೀ ಬಡಾವಣೆಯನ್ನು ಒಂದೇ ಉಸಿರಿಗೆ ಬಯ್ದು, ಸಿಂಬಳದ್ದನ್ನೇ ಮೊದಲು ಎಳೆದುಕೊಂಡರು.