ಎಣ್ಣೆ ಮಾತ್ರ ಕುಡಿದ ಇಲಿಗಳು

ಇದನ್ನು ಹೇಳಬೇಕೆಂದು ಎಷ್ಟೋ ವರ್ಷಗಳಿಂದ ಅಂದುಕೊಂಡು ಮುಂದೂಡುತ್ತಲೇ ಬಂದೆ. ಮೊನ್ನೆ ಇಲ್ಲಿ ಕಾಶಿಯಲ್ಲಿ, ಅಸ್ಸಿಯ ನಮ್ಮ ಕೆಳಗಿನ ಮನೆಯವರು ಜಿರಲೆಗೆ ಔಷಧಿ ಹೊಡೆಸಿದರು. ಆ ಘಾಟು ಮೆಟ್ಟಿಲು ಹತ್ತಿ ಬಂದು ಗಂಟಲಲ್ಲಿ ಕೂತಿತು. ಇನ್ನು ತಡೆಯಲಾಗಲಿಲ್ಲ...

ನಮ್ಮಪ್ಪ ಕರ್ನಾಟಕದ ಯಾತ್ರಿಕರಿಗೆ ಶ್ರಾದ್ಧ ಮಾಡಿಸುತ್ತಿದ್ದರು. ನನಗೆ ಮಂತ್ರ ಹತ್ತಲಿಲ್ಲ. ಹೈಸ್ಕೂಲು ಮುಗಿಸಿ, ಲಂಕಾ ಬಡಾವಣೆಯ ಆಚೆ ಒಂದು ಪ್ರಯೋಗಶಾಲೆಯಲ್ಲಿ ಇಲಿ ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ಧಾರವಾಡದ ಕಡೆಯ ಒಬ್ಬ ಹುಡುಗಿ ಸಂಶೋಧನೆಗೆಂದು ಬಂದಾಗ ನನಗೆ ತಲೆ ನರೆತಿತ್ತು.

ಹೊಲಕ್ಕೆ ಹೊಡೆಯುವ ಕೀಟನಾಶಕ ಹೆಣ್ಣಿನ ಗರ್ಭಕ್ಕೆ ಏನು ಮಾಡುತ್ತದೆ ಎಂಬುದು ಅವಳ ವಿಷಯ. ಅರ್ಧ ಹೆಣ್ಣಿಲಿಗಳಿಗೆ ಕಡಲೆಕಾಯಿ ಎಣ್ಣೆಯಲ್ಲಿ ವಿಷ ಬೆರೆಸಿ ಕುಡಿಸುತ್ತಿದ್ದಳು, ಉಳಿದರ್ಧಕ್ಕೆ ಬರೀ ಎಣ್ಣೆ. ದಿನಾ ಬೆಳಿಗ್ಗೆ ಒಂದೊಂದರ ಋತುಚಕ್ರ ಪರೀಕ್ಷಿಸಿ ಬರೆದುಕೊಳ್ಳುತ್ತಿದ್ದಳು. ವಿಷ ಕುಡಿದವುಗಳ ಚಕ್ರ ತಪ್ಪುತ್ತಿತ್ತು, ಎಣ್ಣೆಯವು ಸರಿಯಾಗಿದ್ದವು. ಆ ವ್ಯತ್ಯಾಸದ ಮೇಲೇ ಅವಳ ಡಾಕ್ಟರೇಟು ನಿಂತಿತ್ತು.

ನನಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಒಮ್ಮೆ ಪಂಜರಗಳನ್ನು ನನ್ನಿಂದ ಮತ್ತೆ ತೊಳೆಸಿದ್ದಳು. ಅದೂ ಎಲ್ಲರಿಗೂ ತಿಳಿಯುವಂತೆ ಹಿಂದಿಯಲ್ಲಿ ಬೈದು.

ಒಂದು ಬೇಸಿಗೆಯಲ್ಲಿ ಎಣ್ಣೆಯ ಇಲಿಗಳ ಕಡೆ ಇರುವೆ ಹತ್ತಿದವು. ಔಷಧಿ ತರುತ್ತೇನೆ ಅಂದೆ.

"ಕಾಕಾ, ಕೈ ಮುಗೀತೀನಿ, ಈ ಖೋಲ್ಯಾಗ ಯಾವ ಔಷಧಾನೂ ಹೊಡೀಬ್ಯಾಡ್ರಿ. ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲಾ ಇಡ್ರಿ, ಸಾಕು."

"ಅರೇ ವಾಹ್! ದಿನಾ ನೀನೇ ವಿಷ ಕುಡಿಸ್ತೀಯ, ನಾನು ಇರುವೆಗೆ ಹೊಡೆದರೆ ಪಾಪವೋ?"

ಬಟ್ಟಲಿಗೆ ನೀರು ತುಂಬುವುದು ಬೇಸರದ ಕೆಲಸ. ಅವಳ ಮಾತು ಕೇಳುವುದು ಅದಕ್ಕಿಂತ ಬೇಸರ. ಅವಳು ಊಟಕ್ಕೆ ಹೋದಾಗ ಹೊಡೆದೆ. ಪಂಜರದೊಳಗಿನ ಹೊಟ್ಟು ತೊಯ್ಯುವಷ್ಟು ಹೊಡೆದು, ಕಿಟಕಿ ತೆಗೆದು ಘಾಟು ಹೋಗಲು ಬಿಟ್ಟೆ. ಇರುವೆ ಕಂಡಾಗಲೆಲ್ಲ ಮತ್ತೆ ಹೊಡೆದೆ.

ಕೆಲವೇ ವಾರಗಳಲ್ಲಿ ಎಣ್ಣೆಯ ಇಲಿಗಳ ಚಕ್ರವೂ ತಪ್ಪಿತು. ಗಂಡಿನ ಜೊತೆ ಬಿಟ್ಟಾಗ ಒಂದು ಇಲಿ ಮೂರೇ ಮರಿ ಹಾಕಿತು. ಇನ್ನೊಂದು ಹಾಕಲೇ ಇಲ್ಲ. ಅವಳ ಪ್ರೊಫೆಸರು ಕೆಂಡವಾದರು. ಎರಡು ಗುಂಪನ್ನೂ ಬೆರೆಸಿಬಿಟ್ಟಿದ್ದೀಯ ಎಂದು ಕೂಗಾಡಿ, ನನ್ನನ್ನು ಕರೆಸಿದರು.

ಸುಮ್ಮನಿದ್ದಿದ್ದರೂ ಆಗುತ್ತಿತ್ತು. ನಾನು ಹೇಳಿದೆ: "ಜೀ ಸಾಬ್, ಮೇಡಂ ಪಂಜರ ಅದಲುಬದಲು ಇಡೋದನ್ನ ನಾನೇ ನೋಡಿದ್ದೆ."

ಅವಳು ನನ್ನತ್ತ ತಿರುಗಿದಳು. "ಕಾಕಾ, ಖರೇ ಹೇಳ್ರಿ." ಎಲ್ಲರೆದುರು ಅವಳು ನನ್ನೊಡನೆ ಕನ್ನಡದಲ್ಲಿ ಮಾತಾಡಿದ್ದು ಅದೊಂದೇ ಸಲ. ನಾನು ನಕ್ಕೆ. ಹೌದು, ನಕ್ಕೆ...

ಆ ತಿಂಗಳೇ ಅವಳು ಊರಿಗೆ ಹೋದಳು, ತಿರುಗಿ ಬರಲಿಲ್ಲ. ಅವಳ ಇಲಿಗಳನ್ನು ಕೊಂದು ಹಾಕಿದ್ದು ನಾನೇ.

ಈಗ ಪ್ರೊಫೆಸರು ಇಲ್ಲ. ಅವಳು ಮತ್ತೆ ಓದಿದಳೋ ಬಿಟ್ಟಳೋ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳಲು ನಾನು ಹೋಗಲೂ ಇಲ್ಲ. ನದಿಯ ಘಾಟಿನ ಮೆಟ್ಟಿಲ ಮೇಲೆ ಧಾರವಾಡದ ಮಾತು ಕೇಳಿಸಿದರೆ ಈಗಲೂ ದಾರಿ ಬದಲಿಸುತ್ತೇನೆ. ನಾನು ಕ್ಷಮೆ ಕೇಳಬೇಕಾಗಿದ್ದುದು, ಕೇಳದೇ ಉಳಿದದ್ದು, ಆ ಹುಡುಗಿಯನ್ನು. ಅವಳ ಹೆಸರು ಗಿರಿಜಾ.